ಇಲಿಗಳಿಗೂ ಎಳ್ಳಮಾಸಿ

ಕಸ್ತೂರಿ ಅಕ್ಕೋರು ಲಿಂಬೆಹಣ್ಣು ಕೊಳ್ಳುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಮೊಣಕಾಲು ನೋವಿನಿಂದ ಅವರಿಗೆ ಬಗ್ಗಲು ಆಗುತ್ತಿರಲಿಲ್ಲ. ಇಂಡಿ ಊರಿನ ಸಂತೆಯಲ್ಲಿ ನಿಂತಲ್ಲೇ ಅಂಗೈ ಚಾಚಿ, ಕಣ್ಣು ಮುಚ್ಚಿ, ಜೊತೆಗೆ ಹೋದ ನನಗೆ ಅಪ್ಪಣೆ ಕೊಡುತ್ತಿದ್ದರು: "ಒಂದೊಂದು ಗುಂಪಿಯಿಂದ ಒಂದೊಂದು ಕೊಡು ತಮ್ಮಾ. ಯಾವುದು ಯಾವ ಗುಂಪಿದು ಅಂತ ಹೇಳಬ್ಯಾಡ." ಕೊಟ್ಟ ಹಣ್ಣನ್ನು ಹೆಬ್ಬೆರಳಿನಿಂದ ಒತ್ತಿ, ಉಗುರಿನಿಂದ ಸಿಪ್ಪೆ ಗೀರಿ, ಮೂಸಿ, ಮುಂದಿನದಕ್ಕೆ ಕೈ ಚಾಚುವರು. ಮಾರುವ ಮುದುಕಿಗೆ ನಗು ತಡೆಯುತ್ತಿರಲಿಲ್ಲ.

"ಅಯ್ಯ ಅಕ್ಕಾರ, ಕಣ್ ತಗೀರಿ. ಲಿಂಬಿಹಣ್ಣ ಐತಿ, ವರ ಅಲ್ಲ, ಕಣ್ಮುಚ್ಚಿ ಒಪ್ಪಾಕ."

"ವರನ್ನ ಕಣ್ ತಕ್ಕೊಂಡ ನೋಡಿದವ್ರು ಏನ್ ಉದ್ಧಾರಾಗ್ಯಾರಬೇ? ಸುಮ್ನಿರು ನೀ."

ಅವತ್ತು ಅವರು ಆರಿಸಿದ್ದು ಮೂಲೆಗೆ ಸರಿಸಿಟ್ಟ, ಕಲೆ ಬಿದ್ದ ಹಣ್ಣುಗಳ ಗುಂಪನ್ನು. ಮನೆಗೆ ಬಂದು ಹಿಂಡಿದಾಗ ರಸ ಮೊಣಕೈವರೆಗೆ ಹರಿಯಿತು. ಹರಿಯಿತೆಂದು ನನ್ನ ನೆನಪು ಹೇಳುತ್ತದೆ. ಒಳ್ಳೆಯ ಕಥೆಗೆ ಹಾಗೆ ಹರಿಯಬೇಕಾಗಿತ್ತು ಎಂಬ ಕಾರಣಕ್ಕೂ ಹೇಳುತ್ತಿರಬಹುದು. ಅಕ್ಕೋರ ಬಗ್ಗೆ ಬರೆಯುವಾಗ ಇಂಥ ಅನುಮಾನವನ್ನು ಬಿಟ್ಟು ಬರೆದರೆ ಅವರಿಗೇ ಸೇರುವುದಿಲ್ಲ.

ಅವರು ನಮ್ಮ ಜಿಲ್ಲಾ ಊರಿನ ಕಾಲೇಜೊಂದರಲ್ಲಿ ರೋಗಶಾಸ್ತ್ರದ ಪ್ರೊಫೆಸರರಾಗಿದ್ದರು. ಹುಟ್ಟಿದ್ದು ಇಂಗಳೇಶ್ವರದಲ್ಲಿ, ಮನೆ ಬಸವನ ಬಾಗೇವಾಡಿಯಲ್ಲಿ. ದಿನಾ ಬಸ್ಸಿಗೇ ಓಡಾಟ. ದೊಡ್ಡ ದೊಡ್ಡ ಪದವಿಗಳಿದ್ದರೂ ಕಾಲೇಜಿನ ಡೀನರಿಂದ ಕಸ ಗುಡಿಸುವವರ ತನಕ ಎಲ್ಲರೂ ಅವರನ್ನು ಕರೆಯುತ್ತಿದ್ದುದು ಹಳ್ಳಿಯ ಕನ್ನಡ ಸಾಲಿಯಲ್ಲಿ ಕರೆಯುವಂತೆ 'ಅಕ್ಕೋರು' ಎಂದೇ. ನಾನು ಸಿಂದಗಿ ತಾಲೂಕಿನ ಯಂಕಂಚಿಯವನು. ಔಷಧಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಅದೇ ಕಾಲೇಜಿನಲ್ಲಿ ಪಿಎಚ್.ಡಿ.ಗೆ ಸೇರಿದ್ದೆ. ನನ್ನ ಮಾರ್ಗದರ್ಶಕರು ಮುದ್ದೇಬಿಹಾಳ ಕಡೆಯ ಪಾಟೀಲ ಸರ್.

ನನ್ನ ಕೆಲಸ ಇದು: ಕೆಲವರ ದೇಹದಲ್ಲಿ ರೋಗದ ವಿರುದ್ಧ ಹೋರಾಡಬೇಕಾದ ಕಣಗಳು ದಾರಿ ತಪ್ಪಿ ಅವರ ಯಕೃತ್ತನ್ನೇ ಸುಡತೊಡಗುತ್ತವೆ. ಕೀಲು ಬಾವು ಇಳಿಸಲು ಬಳಸುವ ಒಂದು ಔಷಧ ಆ ಸುಡುವಿಕೆಯನ್ನು ತಡೆಯಬಲ್ಲುದೇ ಎಂದು ಬಿಳಿ ಇಲಿಗಳಲ್ಲಿ ನೋಡಬೇಕಿತ್ತು. ಒಂದು ಜಾತಿಯ ಅವರೆಕಾಳಿನಿಂದ ತೆಗೆದ ಪ್ರೋಟೀನನ್ನು ಇಲಿಯ ಬಾಲದ ರಕ್ತನಾಳಕ್ಕೆ ಚುಚ್ಚಿದರೆ ಅದರ ಯಕೃತ್ತಿನಲ್ಲೂ ಅಂಥದೇ ಬೆಂಕಿ ಹತ್ತುತ್ತದೆ. ಕೆಲವಕ್ಕೆ ಮೊದಲೇ ಔಷಧ ಕೊಟ್ಟಿರುತ್ತೇವೆ, ಕೆಲವಕ್ಕೆ ಇಲ್ಲ. ಕೊನೆಗೆ ಯಕೃತ್ತನ್ನು ತೆಗೆದು, ತೆಳ್ಳಗೆ ಕೊಯ್ದು, ಬಣ್ಣ ಹಚ್ಚಿ ಗಾಜಿನ ಪಟ್ಟಿಯ ಮೇಲಿಟ್ಟು ಸೂಕ್ಷ್ಮದರ್ಶಕದಡಿ ನೋಡಬೇಕು. ಹಾಗೆ ನೋಡುವವರು ಅಕ್ಕೋರು.

ಇದನ್ನೆಲ್ಲ ನಾನು ಇಂಗ್ಲಿಷ್ ಪುಸ್ತಕದ ಭಾಷೆಯಲ್ಲಿ ವಿವರಿಸಿದಾಗ ಅವರು ಕೇಳಿ, ಹೀಗೆ ಅಂದಿದ್ದರು: "ಕಾವಲಿಗೆ ಇಟ್ಟ ನಾಯಿ ಮನಿಯವರನ್ನ ಕಚ್ಚಾಕತ್ತೇತಿ, ಹೌದಲ್ಲೋ? ನಿನ್ನ ಔಷಧ ನಾಯಿ ಕೊಲ್ಲಬಾರ್ದು. ಬಾಯಿ ಅಷ್ಟ ಕಟ್ಟಬೇಕು. ನಾಯಿ ಸತ್ತ್ರ ನಾಳಿಗೆ ಕಳ್ಳ ಬರ್ತಾನ."

ನಾನು ಮೊದಲ ಸಲ ಅವರ ಬಳಿ ಒಯ್ದ ಪಟ್ಟಿಗಳ ತುದಿಯಲ್ಲಿ, ಔಷಧ ಕೊಟ್ಟವು ಯಾವುವು ಕೊಡದವು ಯಾವುವು ಎಂದು ಸಣ್ಣಕ್ಷರದಲ್ಲಿ ಗುರುತು ಹಾಕಿದ್ದೆ. ಅದು ಕಂಡಿದ್ದೇ ತಡ, ಅವರು ಸುಡುವ ಪಾತ್ರೆ ಮುಟ್ಟಿದವರಂತೆ ಕೈ ಹಿಂದಕ್ಕೆಳೆದುಕೊಂಡರು.

"ಪ್ರಶ್ನಿಪತ್ರಿಕಿ ಮ್ಯಾಲ ಉತ್ತರಾನೂ ಬರ್ದು ತಂದೀಯಲ್ಲೋ! ಇದು ಔಷಧ ತಗೊಂಡ ಇಲಿ ಅಂತ ಗೊತ್ತಾದ್ರ ನನ್ನ ಕಣ್ಣು ಅದನ್ನ ಚಂದ ಮಾಡೇ ನೋಡ್ತೇತಿ. ಕಣ್ಣಿಗೆ ಮುಲಾಜು ಜಾಸ್ತಿ. ನೀ ಏನ ಮಾಡಾಕತ್ತೀ, ಯಾವಾಗ ಮಾಡ್ತೀ, ಯಾಕ ಮಾಡ್ತೀ, ಒಂದೂ ನನಗ ಹೇಳಬ್ಯಾಡ."

"ಹಂಗಾದ್ರ ಬರೇ ನಂಬರ್ ಹಾಕ್ಲೇನ್ರಿ?"

"ನಂಬರೂ ಬ್ಯಾಡ. ನಂಬರಿಗೆ ಹಿಂದೊಂದು ಮುಂದೊಂದು ಇರ್ತೇತಿ. ಮನಸು ಲೆಕ್ಕ ಹಾಕಾಕ ಸುರು ಮಾಡ್ತೇತಿ. ಊರ ಹೆಸರ ಹಾಕ್ರಿ. ಊರಿಗೆ ಹಿಂದ ಮುಂದ ಇರಂಗಿಲ್ಲ."

ಹಾಗೆ ನಮ್ಮಲ್ಲಿ ಪ್ರತಿ ಇಲಿಗೊಂದು ಹಳ್ಳಿಯ ಹೆಸರು ಬಂತು. ಯಾವ ಹೆಸರು ಯಾವ ಇಲಿಯದೆಂದು ಪಾಟೀಲ ಸರ್ ಒಬ್ಬರಿಗೇ ಗೊತ್ತು. ಅಕ್ಕೋರು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಊರೂರು ಸುತ್ತುವವರಂತೆ ವರದಿ ಒಪ್ಪಿಸುತ್ತಿದ್ದರು. "ಯಂಕಂಚಿ ಪೂರಾ ಸುಟ್ಟು ಹೋಗೇತಪಾ, ನಿಮ್ಮ ಮನಿ ಸೈತ ಉಳದಿಲ್ಲ." "ಇಂಗಳೇಶ್ವರ ನಿರಾಳ ಐತಿ." ಒಂದು ಪಟ್ಟಿಯಲ್ಲಿ ಕೋಶಗಳು ನೀರು ತುಂಬಿ ಉಬ್ಬಿದ್ದವು. ಹೆಸರು ನೋಡಿ ಅವರಿಗೇ ನಗು ಬಂತು, ಅದು ಏತ ನೀರಾವರಿಯ ಊರು. "ಮುಳವಾಡಕ್ಕ ನೀರ ಬಂದು ಭಾಳ ದಿನಾ ಆತು ಬಿಡು."

ಈ ಕುರುಡು ನೋಟದ ಗೀಳು ಅವರ ಬಾಳಿನ ಎಲ್ಲ ಕಡೆಗೂ ಹಬ್ಬಿತ್ತು. ಮದುವೆ ಮನೆಯಲ್ಲಿ ಹುಗ್ಗಿ ಬಡಿಸಿದರೆ ಯಾರ ಕಡೆಯ ಅಡುಗೆಯವರೆಂದು ಹೇಳುವ ಮೊದಲೇ ರುಚಿ ನೋಡಿ ತೀರ್ಪು ಕೊಟ್ಟುಬಿಡುತ್ತಿದ್ದರು. ಬೀಗರ ನಡುವೆ ಆದ ಜಗಳಗಳಿಗೆ ಲೆಕ್ಕವಿಲ್ಲ. ವಿದ್ಯಾರ್ಥಿಗಳ ಭಾಷಣ ಸ್ಪರ್ಧೆಗೆ ತೀರ್ಪುಗಾರರಾದಾಗ ಕುರ್ಚಿಯನ್ನು ವೇದಿಕೆಗೆ ಬೆನ್ನು ಮಾಡಿ ಹಾಕಿಸಿಕೊಂಡಿದ್ದರು. ಉದ್ಘಾಟನೆಗೆ ಬಂದ ಗಣ್ಯರೊಬ್ಬರು ಇದನ್ನು ತಮಗಾದ ಅವಮಾನ ಎಂದುಕೊಂಡು ಚಹಾ ಕುಡಿಯದೆ ಹೋದರಂತೆ. ಇದು ನಾನು ಕಂಡದ್ದಲ್ಲ, ಕೇಳಿದ್ದು.

ಇನ್ನು ಆ ವರ್ಷದ ಎಳ್ಳಮಾಸಿಯ ವಿಷಯ.

ಎಳ್ಳ ಅಮಾವಾಸ್ಯೆ ನಮ್ಮ ಕಡೆ ಹೊಲದ ಹಬ್ಬ. ಸಜ್ಜೆ ಕಡಬು, ಎಳ್ಳು ಹಚ್ಚಿದ ರೊಟ್ಟಿ, ಶೇಂಗಾ ಹೋಳಿಗೆ, ಭಜ್ಜಿ ಪಲ್ಯ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತೇವೆ. ತಾವು ಉಣ್ಣುವ ಮೊದಲು ಬೆಳೆಯ ನಡುವೆ ಎಡೆಯನ್ನು ಚೆಲ್ಲುತ್ತ ಸುತ್ತುವುದಕ್ಕೆ ಚರಗ ಚೆಲ್ಲುವುದು ಅನ್ನುತ್ತಾರೆ. ಭೂಮಿಗೂ ಹಕ್ಕಿಗೂ ಹುಳಕ್ಕೂ ಅವತ್ತು ಪಾಲು. ಯಾವ ಜೀವವೂ ಅವತ್ತು ಹಸಿದಿರಬಾರದು.

ನನ್ನ ಪ್ರಯೋಗದ ಮುಖ್ಯ ಸುತ್ತು ಅದರ ಮರುದಿನಕ್ಕೇ ಗೊತ್ತಾಗಿತ್ತು. ಅದಕ್ಕೆ ಕಾರಣವಿತ್ತು. ಆ ಶೈಕ್ಷಣಿಕ ವರ್ಷ ಮುಗಿಯುವುದರೊಳಗೆ ಪ್ರಬಂಧ ಒಪ್ಪಿಸದಿದ್ದರೆ ನನ್ನ ನೋಂದಣಿ ರದ್ದಾಗುತ್ತಿತ್ತು. ಅದುವರೆಗಿನ ದುಡಿಮೆಯೆಲ್ಲ ನೀರಿನಲ್ಲಿ ಹೋದಂತೆ. ಪ್ರೋಟೀನು ಚುಚ್ಚುವ ಮುಂಚೆ ಇಲಿಗಳು ರಾತ್ರಿಯಿಡೀ ಉಪವಾಸ ಇರಬೇಕು, ಎಲ್ಲ ಇಲಿಗಳ ಯಕೃತ್ತೂ ಒಂದೇ ಸ್ಥಿತಿಯಲ್ಲಿರಲಿ ಎಂದು. ಹಬ್ಬದ ದಿನ ಸಂಜೆ ನಾನು ಇಲಿಮನೆಗೆ ಹೋಗಿ ಆಹಾರದ ಬುಟ್ಟಿಗಳನ್ನೆಲ್ಲ ಖಾಲಿ ಮಾಡಿ, ನೀರು ಮಾತ್ರ ಬಿಟ್ಟು ಹೊರಟುಹೋದೆ.

ಮರುದಿನ ಪ್ರಯೋಗ ಸುಸೂತ್ರವಾಗಿ ಮುಗಿಯಿತು. ರಕ್ತದ ಪರೀಕ್ಷೆಯ ಫಲಿತಾಂಶ ಬಂದಾಗ ಪಾಟೀಲ ಸರ್ ನನ್ನ ಬೆನ್ನಿಗೆ ಗುದ್ದಿದರು. ಔಷಧ ಕೊಟ್ಟ ಇಲಿಗಳ ಯಕೃತ್ತಿಗೆ ಹೆಚ್ಚುಕಡಿಮೆ ಏನೂ ಆಗಿರಲಿಲ್ಲ, ಕೊಡದವು ಬೆಂದುಹೋಗಿದ್ದವು. "ಮಲ್ಲಪ್ಪಾ, ನಿನ್ನ ಪ್ರಬಂಧ ಆತು ತಿಳಿ. ಇನ್ನ ಅಕ್ಕೋರ ಸಹಿ ಒಂದ ಬಾಕಿ," ಎಂದರು.

ಅಕ್ಕೋರು ಪಟ್ಟಿಗಳನ್ನು ನೋಡಲು ಕೂತರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಅವರು ಸುಟ್ಟದ್ದು, ಉಳಿದದ್ದು ಹೇಳುತ್ತ ಹೋದವರು ಒಂದು ಕಡೆ ನಿಂತರು. ಪಟ್ಟಿ ಬದಲಿಸಿ, ಮತ್ತೆ ಹಳೆಯದನ್ನೇ ಇಟ್ಟು ನೋಡಿದರು.

"ತಮ್ಮಾ, ಇವರಾಗ ಕೆಲವು ಊರವ್ರು ಉಂಡಾರಲ್ಲೋ."

"ಅಂದ್ರ ಏನ್ರಿ?"

"ಹೊಟ್ಟಿ ತುಂಬ ಉಂಡ ಜೀವದ ಯಕೃತ್ತಿನಾಗ ಸಕ್ಕರಿ ಕೂಡಿ ಕೋಶ ತುಂಬಿಕೊಂಡು ಬೆಳ್ಳಗ ಕಾಣತಾವ. ಉಪವಾಸದಾಗ ಬತ್ತತಾವ. ಇಲ್ಲಿ ಕೆಲವು ಬತ್ಯಾವ, ಕೆಲವು ತುಂಬ್ಯಾವ. ನೀ ಉಪವಾಸ ಇಟ್ಟಿದ್ದೇನು?"

"ಹೌದ್ರಿ. ನಾನ ಬುಟ್ಟಿ ಖಾಲಿ ಮಾಡೇನಿ."

"ಯಾವತ್ತು?"

ಅದುವರೆಗೆ ನಾನು ಯಾವಾಗ ಏನು ಮಾಡುತ್ತೇನೆಂದು ಎಂದೂ ಕೇಳದಿದ್ದವರು ಮೊದಲ ಸಲ ದಿನ ಕೇಳಿದರು. "ಎಳ್ಳಮಾಸಿ ಸಂಜಿಕ್ರಿ," ಎಂದೆ.

ಅವರು ಸಕ್ಕರೆಯ ಅಂಶಕ್ಕೆ ಮಾತ್ರ ಕೆಂಪೇರುವ ಬೇರೊಂದು ಬಣ್ಣ ಹಚ್ಚಿಸಿ ತರಲು ಹೇಳಿದರು. ಹಚ್ಚಿಸಿದೆವು. ಅವರು ಹೇಳಿದ ಊರುಗಳೆಲ್ಲ ಕುಂಕುಮ ಎರಚಿದ ಹಾಗೆ ಕೆಂಪಾದವು.

ಆಗ ಅವರು ನನಗೆ ನಿಜ ಹೇಳಿದರು. ಎಲ್ಲಿ, ಹೇಗೆ ಹೇಳಿದರು ಎಂಬುದಕ್ಕೆ ಎರಡು ಪಾಠಗಳಿವೆ. ಎರಡನ್ನೂ ಬರೆಯುತ್ತೇನೆ. ಯಾಕೆಂದು ಕೊನೆಗೆ ಗೊತ್ತಾಗುತ್ತದೆ.

ಒಂದು ಪಾಠದಲ್ಲಿ ಅವರು ಪ್ರಯೋಗಾಲಯದಲ್ಲೇ, ಪಾಟೀಲ ಸರ್ ಮತ್ತು ಉಳಿದ ವಿದ್ಯಾರ್ಥಿಗಳ ಎದುರಿಗೆ, ಮೇಜು ಬಡಿದು ನಕ್ಕರು. "ಕಳ್ಳಿ ಸಿಕ್ಕಳು ನೋಡ್ರಿ! ನಾನ ತಿನಿಸೇನಿ. ಹೊಲದಿಂದ ನೆಟ್ಟಗ ಇಲ್ಲೇ ಬಂದಿದ್ದೆ. ಇಲಿ ನೋಡಾವ ಹಬ್ಬಕ್ಕ ಊರಿಗೆ ಹೋಗಿದ್ದ, ಹೆಂಗದಾವ ನೋಡೂಣು ಅಂತ ಒಳಗ ಹ್ವಾದೆ. ಬುಟ್ಟಿ ಖಾಲಿ ಕಂಡ್ವು. ಮೂಗು ಹೊರಗ ಹಾಕಿ ನನ್ನ ನೋಡಾಕತ್ತಿದ್ವು. ಹಾಳಾದವ ಹಬ್ಬದ ದಿನ ಉಪವಾಸ ಕೆಡವ್ಯಾನ ಅಂತ ಅವನಿಗೆ ಬೈಕೋತ, ಡಬ್ಬಿಯಾಗಿನ ಸಜ್ಜಿ ಕಡಬು ಮುರದು ಮುರದು ಹಾಕಿದೆ."

ಇನ್ನೊಂದು ಪಾಠದಲ್ಲಿ ಅವರು ಬಾಗೇವಾಡಿಯ ಬಸ್‌ಸ್ಟ್ಯಾಂಡಿನಲ್ಲಿ, ಚಹಾದ ಕಪ್ಪು ಕೈಯಲ್ಲಿ ಆರುತ್ತಿರುವಾಗ, ನನಗೊಬ್ಬನಿಗೇ ಹೇಳಿದರು. ಕಣ್ಣು ತುಂಬಿದ್ದವು. "ಏನೂ ಹೇಳಬ್ಯಾಡ ಅಂತ ನಾನ ಹೇಳಿದ್ದೆನಲ್ಲ ತಮ್ಮಾ, ಹಂಗಾಗಿ ನಿನ್ನ ಪ್ರಯೋಗ ಐತಿ ಅಂತ ಗೊತ್ತಾಗಲಿಲ್ಲ. ಒಂದು ಊಟ ಹಾಕಿದ್ದಕ್ಕ ಈಗ ಅಷ್ಟೂ ಜೀವದ ಲೆಕ್ಕ ಮತ್ತ ಮೊದಲಿಂದ. ಹಸದವಕ್ಕ ಹಾಕೇನಿ ಅಂತ ಹಿಗ್ಗಿದ್ದೆ."

ಎರಡೂ ಪಾಠಗಳಲ್ಲಿ ಒಂದು ಸಂಗತಿ ಮಾತ್ರ ಒಂದೇ. ಅವರು ಕಡಬು ಹಾಕಿದ್ದು ಮೇಲಿನ ಸಾಲಿನ ಪಂಜರಗಳಿಗಷ್ಟೇ. ಕೆಳಗಿನವಕ್ಕೆ ಬಗ್ಗಲು ಮೊಣಕಾಲು ಬಿಡಲಿಲ್ಲ. ಉಳಿದದ್ದನ್ನು ಕಾವಲುಗಾರ ಸಿದ್ದಪ್ಪನ ಕೈಗೆ ಕೊಟ್ಟು "ಕೆಳಗಿನವಕ್ಕ ನೀ ಹಾಕಿಬಿಡಪಾ" ಎಂದು ಬಸ್ಸಿಗೆ ಹೋಗಿದ್ದರು. ನಮ್ಮಲ್ಲಿ ಆಗಿನ ರೂಢಿಯಂತೆ ಒಂದು ಗುಂಪಿನ ಪಂಜರಗಳನ್ನೆಲ್ಲ ಒಂದೇ ಸಾಲಿನಲ್ಲಿ ಇಡುತ್ತಿದ್ದೆವು. ಔಷಧದ ಗುಂಪು ಮೇಲಿನ ಸಾಲಿನಲ್ಲಿತ್ತು.

ಸಿದ್ದಪ್ಪನನ್ನು ಕರೆಸಿದೆವು.

"ಅಕ್ಕೋರು ಕೊಟ್ಟ ಕಡಬು ಏನ ಮಾಡಿದ್ಯೋ?" ಪಾಟೀಲ ಸರ್ ಕೇಳಿದರು.

"ತಿಂದೇನ್ರಿ."

"ಇಲಿಗೆ ಕೊಟ್ಟಿದ್ರೋ ಅದನ್ನ!"

"ನಾನೂ ಒಂದ ಜೀವ ಅದೇನಲ್ರಿ ಸಾಹೇಬ್ರ. ಹಬ್ಬದ ದಿನ ಇಲ್ಲೇ ಗೇಟಿಗೆ ಕುಂತಿದ್ದೆ. ಯಾರರ ಕೇಳಿದ್ರೇನ ನನಗ?"



ನನಗೆ ಅವತ್ತು ನಗು ಬರಲಿಲ್ಲ. ಲೆಕ್ಕ ಸ್ಪಷ್ಟವಾಗಿತ್ತು. ಹಸಿದ ಯಕೃತ್ತು, ಉಂಡ ಯಕೃತ್ತು ಒಂದೇ ಪೆಟ್ಟಿಗೆ ಒಂದೇ ಥರ ಉತ್ತರ ಕೊಡುವುದಿಲ್ಲ. ಮೇಲಿನ ಸಾಲಿನ ಇಲಿಗಳನ್ನು ಕಾಪಾಡಿದ್ದು ನನ್ನ ಔಷಧವೋ ಅವರ ಕಡಬೋ ಹೇಳಲು ಈಗ ದಾರಿಯೇ ಇರಲಿಲ್ಲ. ಹಬ್ಬದ ಮರುದಿನ ಬೆಳಿಗ್ಗೆ ಪಂಜರದ ಹೊಟ್ಟಿನಲ್ಲಿ ನಾನು ಕಡಬಿನ ಎಳ್ಳು ಕಂಡಿದ್ದೆನೇ? ಕಂಡಿದ್ದೆ ಎಂದು ಕೆಲವು ಸಲ ಖಾತ್ರಿಯಾಗಿ ಅನಿಸುತ್ತದೆ. ಆದರೆ ಕರಿ ಎಳ್ಳಿಗೂ ಇಲಿಯ ಹಿಕ್ಕೆಗೂ ದೂರದಿಂದ ವ್ಯತ್ಯಾಸ ಕಾಣುವುದಿಲ್ಲ. ಆಮೇಲೆ ತಿಳಿದದ್ದು ಹಿಂದಕ್ಕೆ ಹೋಗಿ ನೆನಪಿನಲ್ಲಿ ಕೂರುವ ಬಗೆಯೂ ನನಗೆ ಗೊತ್ತಿದೆ.

ಪಾಟೀಲ ಸರ್ ಬಾಗಿಲು ಮುಂದಕ್ಕೆ ಮಾಡಿ, ತಗ್ಗಿದ ದನಿಯಲ್ಲಿ ಹೇಳಿದರು: "ಅಕ್ಕೋರ, ಹುಡುಗನ ವರ್ಷ ಹೋಗ್ತೇತಿ. ನೀವು ಸುಮ್ಮನಿದ್ದಿದ್ರ ಯಾರಿಗೂ ಗೊತ್ತಾಗ್ತಿರಲಿಲ್ಲ."

"ಅದಕ್ಕ ಹೇಳೇನಿ ಪಾಟೀಲ್ರ. ಗೊತ್ತಾಗೂ ಹಂಗಿದ್ರ ನೀವ ಹಿಡೀತಿದ್ರಿ, ನಾ ಯಾಕ ಹೇಳಬೇಕಿತ್ತು?"

"ಆದ್ರ ಮತ್ತ ಅಷ್ಟು ಇಲಿ ಬಲಿ..."

"ತಪ್ಪು ಲೆಕ್ಕ ಬರದ್ರ ಮೊದಲಿನವೂ ಸುಮ್ಮನ ಸತ್ತಂಗ. ಅವು ಕಡಬು ತಿಂದ ಹೋಗ್ಯಾವ, ಅಷ್ಟ ಸಮಾಧಾನ. ನಾಳಿ ಈ ಔಷಧ ಮನಷ್ಯಾರಿಗೆ ಹೋಗ್ತೇತಿ. ಅವರಿಗೆ ಯಾರ ಕಡಬು ತಿನಸ್ತಾರ?"

ಸಂಶೋಧನಾ ಸಮಿತಿಯ ಸಭೆಗೆ ಅವರು ನನ್ನ ಜೊತೆ ಬಂದರು. ನಾನು ಗಡುವು ಮುಂದೂಡಲು ಬರೆದ ಕಾರಣಗಳನ್ನು ಓದಲು ಎದ್ದಾಗ ತೋಳು ಹಿಡಿದು ಕೂರಿಸಿ, ತಾವೇ ನಿಂತರು. ಎಳ್ಳಮಾಸಿ, ಖಾಲಿ ಬುಟ್ಟಿ, ಮೊಣಕಾಲು, ಸಿದ್ದಪ್ಪ, ಒಂದನ್ನೂ ಬಿಡದೆ ಹೇಳಿದರು. ಸಮಿತಿಯಲ್ಲಿ ಹೊರಗಿನಿಂದ ಬಂದ ಹಿರಿಯರೊಬ್ಬರಿದ್ದರು, ನಮ್ಮ ಕಡೆಯವರಲ್ಲ. ಅವರು ಕನ್ನಡಕ ತೆಗೆದು ಕೇಳಿದರು: "ಪ್ರೊಫೆಸರ್, ಇಲಿಗಳಿಗೆ ಹಬ್ಬ ಯಾಕೆ?"

"ಅವಕ್ಕಲ್ಲರಿ ಸರ್, ಹಬ್ಬ ನಂದು. ಅವು ಹಸದ್ರ ಅದು ಹಬ್ಬ ಆಗಂಗಿಲ್ಲ."

ಗಡುವು ಸಿಕ್ಕಿತು.

ಎರಡನೆಯ ಸುತ್ತಿನಲ್ಲಿ ಪಂಜರಗಳನ್ನು ಚೀಟಿ ಎತ್ತಿ ಮೇಲೆ ಕೆಳಗೆ ಬೆರೆಸಿದೆವು. ಉಪವಾಸದ ಹೊತ್ತಿನಲ್ಲಿ ಬಾಗಿಲಿಗೆ ಫಲಕ ಹಾಕಿದೆವು. ಅಕ್ಕೋರೇ ಅದನ್ನು ತಮ್ಮ ಕೈಯಾರೆ ಬರೆದರು: 'ಒಳಗ ಉಪವಾಸ ಐತಿ. ಕಸ್ತೂರಿಬಾಯಿಗೆ ಪ್ರವೇಶ ಇಲ್ಲ.' ಹೊಸ ಪಟ್ಟಿಗಳು ಬಂದವು, ಹಳ್ಳಿಗಳ ಹೆಸರು ಹೊಸದಾಗಿ ಬಿದ್ದವು. ಅವರು ಓದಿ ಮುಗಿಸಿದ ಮೇಲೆ ಪಾಟೀಲ ಸರ್ ಯಾವ ಊರು ಯಾವ ಗುಂಪೆಂದು ಬಿಡಿಸಿ ಹೇಳಿದರು. ಔಷಧ ಕೆಲಸ ಮಾಡಿತ್ತು. ಮೊದಲಿನ ಹಾಗೆ ಪವಾಡದಂತಲ್ಲ, ಒಂದಿಷ್ಟು. ಔಷಧ ಕುಡಿದೂ ಯಂಕಂಚಿ ಮತ್ತೆ ಸುಟ್ಟಿತ್ತು. ಏನೂ ಕುಡಿಯದ ಇಂಗಳೇಶ್ವರ ತಣ್ಣಗಿತ್ತು.

"ನಮ್ಮೂರವ್ರು ಔಷಧ ಇಲ್ಲದನ ಬದಕ್ಯಾರ ನೋಡ್ರಿ," ಎಂದು ಅಕ್ಕೋರು ಬೀಗಿದರು. ಆಮೇಲೆ ನನ್ನ ಮುಖ ನೋಡಿ ದನಿ ಇಳಿಸಿದರು. "ಸಪ್ಪಗಾಗಬ್ಯಾಡೋ. ಸಣ್ಣದು ಐತಿ, ಖರೆ, ಆದ್ರ ಕಡಬಿಂದಲ್ಲ. ನಿಂದ ಐತಿ."

ಪ್ರಬಂಧ ಹೋಯಿತು, ಪದವಿ ಬಂತು. ಕೆಲವು ಕಡೆ ಅಲೆದಾಡಿ, ಎಲ್ಲೂ ನಿಲ್ಲಲಾರದೆ, ಕೊನೆಗೆ ಅದೇ ಕಾಲೇಜಿಗೆ ಪಾಠ ಹೇಳಲು ಬಂದೆ. ಅಷ್ಟರಲ್ಲಿ ಅಕ್ಕೋರು ನಿವೃತ್ತರಾಗಿದ್ದರು.

ಕಡೆಯ ಸಲ ಅವರನ್ನು ಕಂಡದ್ದು ಬಾಗೇವಾಡಿಯ ಅವರ ಮನೆಯಲ್ಲಿ. ದೃಷ್ಟಿಯ ನಡುಭಾಗ ಮಸುಕಾಗಿತ್ತು. ಎದುರಿಗಿದ್ದವರ ಕಿವಿ ಕಾಣುತ್ತವೆ, ಮುಖ ಕಾಣುವುದಿಲ್ಲ ಎಂದರು. ಕೊರಗೇನೂ ಇರಲಿಲ್ಲ. "ಈಗ ನನಗ ಯಾರೂ ಹೆಸರ ಹೇಳಂಗಿಲ್ಲ. ಎಲ್ಲಾರೂ ಬಂದು 'ನಾ ಯಾರು ಹೇಳ್ರಿ' ಅಂತ ಪರೀಕ್ಷೆ ಮಾಡ್ತಾರ. ಜಲಮ ಪೂರ್ತಿ ಬೇಡಿದ್ದ ಈಗ ಸಿಕ್ಕೈತಿ." ನಾನು ಇಂಡಿಯಿಂದ ಒಯ್ದಿದ್ದ ಲಿಂಬೆಹಣ್ಣುಗಳನ್ನು ಒಂದೊಂದಾಗಿ ಒತ್ತಿ ಮೂಸಿ, "ಆರಸೂದು ಕಲತೀ," ಎಂದರು. ಅದಕ್ಕಿಂತ ದೊಡ್ಡ ಪದವಿ ನನಗೆ ಯಾರೂ ಕೊಟ್ಟಿಲ್ಲ.

ಚಹಾ ಕುಡಿಯುತ್ತ ಹಳೆಯದು ನೆನೆದೆವು. ಕಡಬಿನ ವಿಷಯ ಬಂತು. ಆಗಲೇ ತಿಳಿದದ್ದು, ಆ ದಿನ ನಮ್ಮಿಬ್ಬರ ನೆನಪಿನಲ್ಲಿ ಒಂದೇ ಆಗಿರಲಿಲ್ಲ. ನಮ್ಮಲ್ಲಿ ಒಬ್ಬರು ಪ್ರಯೋಗಾಲಯ, ನಗು ಎಂದರು. ಇನ್ನೊಬ್ಬರು ಬಸ್‌ಸ್ಟ್ಯಾಂಡು, ಕಣ್ಣೀರು ಎಂದರು. ವಾದ ಜೋರಾಯಿತು. ಒಳಗಿಂದ ಅವರ ತಂಗಿ ಬಂದು ಇಬ್ಬರಿಗೂ ಬೈದರು. ಪಾಟೀಲ ಸರ್ ಅವರನ್ನು ಕೇಳಿದರೆ ಗೊತ್ತಾಗುತ್ತದೆ ಎಂದು ನಾನು ಫೋನ್ ತೆಗೆದೆ. ಅಕ್ಕೋರು ನನ್ನ ಕಡೆಗೆ ಅಂಗೈ ಎತ್ತಿದರು.

"ಕೇಳಬ್ಯಾಡ. ಯಾವುದು ಖರೆ ಅಂತ ಗೊತ್ತಾದ್ರ ಇನ್ನೊಂದನ್ನ ವಗದುಬಿಡ್ತೀ. ಮುಂದ ಎಂದರ ಬರದಿ ಅಂದ್ರ ಎರಡೂ ಬರಿ. ಯಾವುದು ಯಾರದು ಅಂತ ಬರೀಬ್ಯಾಡ. ಓದಾವ್ರು ಕಣ್ ಮುಚ್ಚಿ ಮೂಸಿ ನೋಡ್ಲಿ."

ಬರೆದಿದ್ದೇನೆ. ಯಾವುದು ಯಾರದೆಂದು ಹೇಳುವುದಿಲ್ಲ. ಈಗ ನಿಜ ಹೇಳಬೇಕೆಂದರೆ ನನಗೂ ಅಷ್ಟು ಖಾತ್ರಿಯಿಲ್ಲ. ಅವರು ಹೋದ ಮೇಲೆ ಎರಡೂ ನನ್ನವೇ ಆಗಿಬಿಟ್ಟಿವೆ.

ನಮ್ಮ ಇಲಿಮನೆಯಲ್ಲಿ ಈಗ ಎಳ್ಳಮಾಸಿಯ ಹಿಂದೆ ಮುಂದೆ ಯಾವ ಪ್ರಯೋಗವನ್ನೂ ಇಟ್ಟುಕೊಳ್ಳುವುದಿಲ್ಲ. ಬೇರೆ ಕಡೆಯಿಂದ ಬಂದ ವಿದ್ಯಾರ್ಥಿಗಳು ಯಾಕೆಂದು ಕೇಳಿದರೆ ಈ ಕಥೆ ಹೇಳುತ್ತೇನೆ. ನಂಬುವುದು ಬಿಡುವುದು ಅವರಿಗೆ ಬಿಟ್ಟದ್ದು. ಹಬ್ಬದ ಸಂಜೆ ಊರಿಂದ ಸಜ್ಜೆ ಕಡಬಿನ ಡಬ್ಬಿ ತರುತ್ತೇನೆ. ಮೊದಲ ಪಾಲು ಗೇಟಿನ ಸಿದ್ದಪ್ಪನಿಗೆ. ಆಮೇಲೆ ನೆಲಕ್ಕೆ ಕೂತು, ಕೆಳಗಿನ ಸಾಲಿನಿಂದ ಶುರು ಮಾಡುತ್ತೇನೆ.